ಒಪ್ಪುವ ಪಂಚೆ, ಒಪ್ಪದ ಪಂಚೆ

ನಾನು ಆಟಮ್ ಅಂತೆ.

ಅಕ್ಕನ ಮಗಳು ಫೋನಿನಲ್ಲಿ ನನ್ನ ಫೋಟೊ ತೆಗೆದಳು. ಯಾವುದೋ ಆ್ಯಪಿಗೆ ತಿನ್ನಿಸಿ ಅರ್ಧ ನಿಮಿಷದಲ್ಲಿ ತೀರ್ಪು ಹೇಳಿದಳು. ಮನುಷ್ಯರಲ್ಲಿ ನಾಲ್ಕು ಜಾತಿ: ಸ್ಪ್ರಿಂಗ್, ಸಮ್ಮರ್, ಆಟಮ್, ವಿಂಟರ್. ನಮ್ಮಲ್ಲಿ ಇರುವ ಜಾತಿ ಸಾಲದು ಅಂತ ಇದೊಂದು ಬಾಕಿ ಇತ್ತು. ಚರ್ಮದ ಬಣ್ಣ ನೋಡಿ ನೀವು ಯಾವ ಋತುವಿನವರು ಅಂತ ಗೊತ್ತು ಮಾಡುತ್ತಾರೆ. ಆ ಋತುವಿನ ಬಣ್ಣ ಹಾಕಿದರೆ ಮುಖಕ್ಕೆ ಕಳೆ ಬರುತ್ತದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಜೋರಾಗಿದ್ದ ವಿದ್ಯೆ ಈಗ ಫೋನು ಹತ್ತಿ ನಮ್ಮನೆ ಊಟದ ಮೇಜಿಗೆ ಬಂದಿದೆ. "ಮಾವ, ನಿಂಗೆ ಸಾಸಿವೆ ಬಣ್ಣ, ಇಟ್ಟಿಗೆ ಬಣ್ಣ ಚೆನ್ನಾಗಿರತ್ತೆ. ಬಿಳಿ ಆಗಲ್ಲ" ಅಂದಳು. ಆಟಮ್ ಅಂದರೆ ಎಲೆ ಉದುರುವ ಕಾಲ. ನನಗೆ ಉದುರಿದ್ದು ಕೂದಲು. ಅದನ್ನು ಹೇಳೋಕೆ ಆ್ಯಪ್ ಬೇಕಿರಲಿಲ್ಲ.

ಬಣ್ಣ ಮುಗಿಯಿತು, ಆಕಾರ ಶುರುವಾಯಿತು. ಸೇಬು, ಪೇರು, ಮರಳು ಗಡಿಯಾರ, ಆಯತ, ತಲೆಕೆಳಗಾದ ತ್ರಿಕೋನ. ಅರ್ಧ ಹಣ್ಣಿನಂಗಡಿ, ಅರ್ಧ ಜಾಮೆಟ್ರಿ ಬಾಕ್ಸು. ದಪ್ಪ ನಡುವಿನಲ್ಲಿದ್ದರೆ ಸೇಬು, ಸೊಂಟದ ಕೆಳಗಿದ್ದರೆ ಪೇರು. ಈ ಪಟ್ಟಿ ಮಾಡಿದವರು ನಮ್ಮ ಕಡೆಯ ಮದುವೆ ಊಟದ ಪಂಕ್ತಿ ನೋಡಿಲ್ಲ. ಹಲಸಿನಹಣ್ಣು ಎಲ್ಲಿ? ತೆಳು ಕಾಲಿನ ಮೇಲೆ ಭಾರಿ ಹೊಟ್ಟೆ ಹೊತ್ತು, ಅಡಕೆ ಮರಕ್ಕೆ ಹಲಸು ಬಿಟ್ಟ ಹಾಗೆ ಓಡಾಡುವ ನನ್ನಂಥ ಗಂಡಸರಿಗೆ ಒಂದು ಕಾಲಂ ಬೇಡವಾ?

ಹಲಸಿಗೆ ಉದ್ದ ಗೆರೆಯ ಶರಟು ಹಾಕಿಸಿ, ಅಡ್ಡ ಗೆರೆ ಬೇಡವೇ ಬೇಡ ಅಂತ ಮನೆಯವರೆಲ್ಲ ಒಟ್ಟಿಗೆ ಹೇಳಿದರು. ಉದ್ದ ಗೆರೆ ಸಣ್ಣ ಕಾಣಿಸುತ್ತದೆ, ಅಡ್ಡ ಗೆರೆ ದಪ್ಪ ಕಾಣಿಸುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಸತ್ಯ. ಮಜಾ ಏನಂದರೆ ಇದು ಸುಳ್ಳು ಅಂತ ಹೇಳಿದವರಿದ್ದಾರೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅನ್ನುವ ವಿಜ್ಞಾನಿ 1867ರಷ್ಟು ಹಿಂದೆಯೇ ಎರಡು ಸಮ ಚೌಕ ತೋರಿಸಿದ. ಒಂದಕ್ಕೆ ಉದ್ದ ಗೆರೆ, ಒಂದಕ್ಕೆ ಅಡ್ಡ ಗೆರೆ. ಅಡ್ಡ ಗೆರೆಯದೇ ಎತ್ತರವಾಗಿ, ಸಪೂರವಾಗಿ ಕಾಣುತ್ತದೆ. 2011ರಲ್ಲಿ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು ಹೆಂಗಸರ ಚಿತ್ರಕ್ಕೆ ಗೆರೆ ಹಾಕಿ ನೋಡಿ, ಅವನು ಹೇಳಿದ್ದು ಸರಿ ಅಂದರು. ಮನೆಯಲ್ಲಿ ಹೇಳಿದೆ. "ಅವನು ನಿಮ್ಮನ್ನ ನೋಡಿರಲಿಲ್ಲ" ಅಂದಳು ಹೆಂಡತಿ.

ಉದ್ದ ಗೆರೆ ಅಂದ ಕೂಡಲೇ 2015ರ ಜನವರಿಯ ಆ ಸೂಟು ನೆನಪಾಗುತ್ತದೆ. ಒಬಾಮ ಬಂದಿದ್ದಾಗ ಪ್ರಧಾನಿಯವರು ಹಾಕಿದ್ದರಲ್ಲ, ಗೆರೆ ಗೆರೆಯಲ್ಲೂ ಅವರ ಹೆಸರೇ ಇತ್ತಲ್ಲ, ಅದು. ಮುಂದಿನ ತಿಂಗಳೇ ಸೂರತ್ತಿನಲ್ಲಿ ಹರಾಜಾಗಿ 4.31 ಕೋಟಿ ರೂಪಾಯಿಗೆ ಹೋಯಿತು. ಸಪೂರ ಕಾಣಿಸಿತೋ ಇಲ್ಲವೋ, ಗೆರೆಗೆ ಬೆಲೆ ಬಂತು.

ಈ ಶಾಸ್ತ್ರವನ್ನೆಲ್ಲ ನಮ್ಮ ಟೇಲರ್ ಹತ್ತಿರ ಒಪ್ಪಿಸಿದೆ. ಅವರು ನಗಲೂ ಇಲ್ಲ. "ಭುಜ ಕೂತ್ರೆ ಶರಟು ಕೂತಂಗೆ ಸ್ವಾಮಿ" ಅಂದರು. ಭುಜದ ಹೊಲಿಗೆ ಮೂಳೆ ಮುಗಿಯುವಲ್ಲೇ ಬೀಳಬೇಕು. ಅರ್ಧ ಇಂಚು ಜಾರಿದರೂ ಅಣ್ಣನ ಶರಟು ತಮ್ಮ ಹಾಕಿದ ಹಾಗೆ. ಆರ್ಮ್‌ಹೋಲ್, ಅಂದರೆ ತೋಳು ಕೂಡಿಸುವ ಜಾಗ, ಮೇಲಿರಬೇಕು. ಆಗ ಕೈ ಎತ್ತಿದರೆ ಕೈ ಮಾತ್ರ ಏಳುತ್ತದೆ. ರೆಡಿಮೇಡಿನವರಿಗೆ ಹತ್ತು ಥರದ ಮೈಗೆ ಒಂದೇ ಶರಟು ಹಿಡಿಸಬೇಕು, ಅದಕ್ಕೆ ಆರ್ಮ್‌ಹೋಲ್ ಕೆಳಗಿಳಿಸಿ ದೊಡ್ಡದು ಮಾಡಿರುತ್ತಾರೆ. ಬಸ್ಸಿನಲ್ಲಿ ಕಂಬಿ ಹಿಡಿದ ಕೂಡಲೇ ಇಡೀ ಶರಟು ಪ್ಯಾಂಟಿನಿಂದ ಎದ್ದು ಬರುತ್ತದೆ, ಹೊಕ್ಕುಳು ಸಹಪ್ರಯಾಣಿಕರಿಗೆ ನಮಸ್ಕಾರ ಹೇಳುತ್ತದೆ.

ಅಳತೆ ತೆಗೆಯುವಾಗ ಅವರು ಕೂಗಿ ಹೇಳುತ್ತಾರೆ, ಹುಡುಗ ಬರೆದುಕೊಳ್ಳುತ್ತಾನೆ. "ಶೋಲ್ಡರ್ ಹದಿನೇಳೂವರೆ. ಎದೆ ನಲವತ್ತು. ತೋಳು ಇಪ್ಪತ್ನಾಲ್ಕು." ಹೊಟ್ಟೆ ಬಂದಾಗ ಕೂಗಲಿಲ್ಲ. ಟೇಪಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದುಕೊಂಡೇ ಹೋಗಿ, ಪುಸ್ತಕ ತಮ್ಮ ಕಡೆ ಎಳೆದು, ತಾವೇ ಬರೆದರು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಈ ಮರ್ಯಾದೆ ಯಾವ ಆ್ಯಪಿಗೂ ಗೊತ್ತಿಲ್ಲ.

ದೊಡ್ಡ ಅಂಗಡಿಗಳ ಟ್ರಯಲ್ ರೂಮಿಗೆ ಬೇರೆ ಥರದ ದಾಕ್ಷಿಣ್ಯ. ಅಲ್ಲಿ ಕನ್ನಡಿಯನ್ನು ಒಂಚೂರು ಹಿಂದಕ್ಕೆ ವಾಲಿಸಿಟ್ಟರೆ ಸಾಕು, ಹೋದವನು ಉದ್ದ ಆಗುತ್ತಾನೆ. ಪ್ಯಾಂಟಿಗೆ 34 ಅಂತ ಚೀಟಿ ಹಚ್ಚಿರುತ್ತಾರೆ, ಟೇಪು ಹಿಡಿದರೆ 36 ಬರುತ್ತದೆ. ಎರಡು ಇಂಚಿನ ಸುಳ್ಳಿಗೆ ನಾವು ಖುಷಿಯಾಗಿ ಬಿಲ್ ಕಟ್ಟಿ ಬರುತ್ತೇವೆ. ಅಷ್ಟಕ್ಕೂ ಈ ಎಸ್, ಎಂ, ಎಲ್ ಯಾರ ಮೈಯ ಅಳತೆ? ಅಮೆರಿಕದವರದು, ಬ್ರಿಟನ್ನಿನವರದು. ಅದನ್ನೇ ಅಲ್ಲಿ ಹಿಗ್ಗಿಸಿ ಇಲ್ಲಿ ಕುಗ್ಗಿಸಿ ನಮಗೆ ಹೊಲಿಯುತ್ತ ಬಂದರು. ಇದನ್ನು ಸರಿ ಮಾಡೋಣ ಅಂತ ಕೇಂದ್ರದ ಜವಳಿ ಸಚಿವಾಲಯ, ಫ್ಯಾಷನ್ ಕಲಿಸುವ ಸಂಸ್ಥೆ ನಿಫ್ಟ್ ಸೇರಿ ಇಂಡಿಯಾಸೈಜ್ ಅಂತ ಯೋಜನೆ ಮಾಡಿದವು. 15ರಿಂದ 65 ವರ್ಷದೊಳಗಿನ 25 ಸಾವಿರ ಜನರನ್ನು ತ್ರೀಡಿ ಸ್ಕ್ಯಾನರಿನಲ್ಲಿ ನಿಲ್ಲಿಸಿ ಅಳೆಯುವುದು. ಎಲ್ಲೆಲ್ಲಿ? ದೆಹಲಿ, ಮುಂಬೈ, ಕೋಲ್ಕತ್ತ, ಹೈದರಾಬಾದ್, ಬೆಂಗಳೂರು, ಶಿಲ್ಲಾಂಗ್. ಆರೂ ಪೇಟೆಗಳೇ. ಮೂಟೆ ಹೊತ್ತು ಒಂದು ಕಡೆ ಇಳಿದ ಭುಜ ಯಾವ ಸೈಜಿಗೆ ಬರುತ್ತದೋ ಗೊತ್ತಿಲ್ಲ.

ಹೋಗಲಿ ಬಿಡಿ. ಸೈಜೇ ಕೇಳದ ಬಟ್ಟೆ ಒಂದಿದೆಯಲ್ಲ, ಪಂಚೆ. ಹೊಲಿಗೆಯಿಲ್ಲ, ಗುಂಡಿಯಿಲ್ಲ, ಜಿಪ್ಪಿಲ್ಲ. ಎಂಟು ಮೊಳದ ಬಟ್ಟೆ, ಹೊಟ್ಟೆ ಎಷ್ಟಿದೆಯೋ ಅಷ್ಟಕ್ಕೆ ಸುತ್ತಿಕೊಂಡರೆ ಅದೇ ಸೈಜು. ದೀಪಾವಳಿಗೆ ಮೂರು ಕೆಜಿ ಏರಿದರೂ ಆಲ್ಟರೇಷನ್ ಬೇಡ. ನೆರಿಗೆ ನೇರ ಕೆಳಕ್ಕೆ ಬೀಳುತ್ತದೆ, ಅಂಚು ಮುಂದೆ ನೆಟ್ಟಗೆ ಇಳಿಯುತ್ತದೆ, ಗಂಜಿ ಹಾಕಿದ ಹತ್ತಿ ಮೈಗೆ ಅಂಟದೆ ನಿಲ್ಲುತ್ತದೆ. ಸೇಬೋ ಹಲಸೋ ಹೊರಗಿನವರಿಗೆ ತಿಳಿಯುವುದಿಲ್ಲ. ಟೀವಿ ಜಾಹೀರಾತಿನಲ್ಲಂತೂ ಬಿಳಿ ಪಂಚೆ ಉಟ್ಟು ಕಾರಿನಿಂದ ಇಳಿದವನಿಗೆ ಕಂಡಕಂಡವರೆಲ್ಲ ಸಲ್ಯೂಟ್ ಹೊಡೆಯುತ್ತಾರೆ. ಐಟಿ ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ಎಥ್ನಿಕ್ ಡೇ. ಅವತ್ತಿಗೆ ಅಂತಲೇ ವೆಲ್ಕ್ರೋ ಹಚ್ಚಿದ ಪಂಚೆ ಬಂದಿದೆ, ಮೊಬೈಲಿಗೆ ಜೇಬೂ ಇದೆ. ಲಿಫ್ಟಿನಲ್ಲಿ ಚರ್ರ್ ಅಂತ ಸದ್ದು ಕೇಳಿದರೆ ಸಂಸ್ಕೃತಿ ಬಿಚ್ಚಿಕೊಳ್ಳುತ್ತಿದೆ ಅಂತ ತಿಳಿಯಬೇಕು.

ಇಷ್ಟು ಒಳ್ಳೆ ಬಟ್ಟೆ ಒಬ್ಬರಿಗೆ ಮಾತ್ರ ಒಪ್ಪುವುದಿಲ್ಲ. ಯಾರಿಗೆ ಅಂತ ನಿಮಗೆ ಗೊತ್ತೇ ಇದೆ. 2024ರ ಜುಲೈ, ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್. ಹಾವೇರಿ ಕಡೆಯ ರೈತರು, ಜೊತೆಗೆ ಮಗ, ಸಿನಿಮಾ ಟಿಕೆಟ್ ಕೈಯಲ್ಲಿ. ಪಂಚೆಯವರನ್ನು ಬಿಡಲ್ಲ, ಪ್ಯಾಂಟ್ ಹಾಕಿಕೊಂಡು ಬನ್ನಿ ಅಂದರು. ಪಂಚೆ ಉಡುವ ಮುಖ್ಯಮಂತ್ರಿಯ ರಾಜಧಾನಿಯಲ್ಲಿ, ಪಂಚೆಯಲ್ಲೇ ಕೆಂಪುಕೋಟೆಯ ಮೇಲೆ ನಿಂತು 1996ರಲ್ಲಿ ಭಾಷಣ ಮಾಡಿದ ದೇವೇಗೌಡರ ರಾಜ್ಯದಲ್ಲಿ. ಅವರೂ ಅವತ್ತು ಮಾಗಡಿ ರಸ್ತೆಗೆ ಒಬ್ಬರೇ ನಡೆದು ಬಂದಿದ್ದರೆ ಏನಾಗುತ್ತಿತ್ತೋ. ಇಂಥ ಮಾಲುಗಳ ಮೇಲಿನ ಮಹಡಿಯಲ್ಲಿ ಎಥ್ನಿಕ್ ಅಂಗಡಿಯ ಬೊಂಬೆಗೆ ಪಂಚೆ ಉಡಿಸಿರುತ್ತಾರೆ. ಬೊಂಬೆಯನ್ನು ಬಾಗಿಲಲ್ಲಿ ಯಾರೂ ತಡೆದ ಹಾಗಿಲ್ಲ.

ಆಮೇಲೆ ವಿಡಿಯೊ ಓಡಿತು. ಗಲಾಟೆ ಆಯಿತು. ಮಾಲಿನವರು ಕ್ಷಮೆ ಕೇಳಿ ಶಾಲು ಹೊದಿಸಿದರು. ನಮ್ಮಲ್ಲಿ ಯಾರ ಮೈಗೂ ಸರಿಹೋಗುವ ಫ್ರೀ ಸೈಜ್ ಬಟ್ಟೆ ಅಂದರೆ ಅದೇ, ತಪ್ಪಾದ ಮೇಲೆ ಹೊದಿಸುವ ಶಾಲು. ವಿಧಾನಸಭೆಯಲ್ಲಿ ಮಾತಾಗಿ ಮಾಲನ್ನು 7 ದಿನ ಮುಚ್ಚಿಸಿದರು. ಆದರೆ ಬೀಗಕ್ಕೆ ಸಿಕ್ಕ ಕಾಗದ ಪಂಚೆಯದಲ್ಲ, ಆಸ್ತಿ ತೆರಿಗೆಯದು. 1.78 ಕೋಟಿ ರೂಪಾಯಿ ಬಾಕಿ ಇತ್ತಂತೆ! ಪಾಲಿಕೆಯವರಿಗೆ ನನ್ನದೊಂದು ಸಲಹೆ. ಬಡ್ಡಿ ಮನ್ನಾ, ರಿಯಾಯಿತಿ ಎಲ್ಲ ಬಿಟ್ಟುಬಿಡಿ. ಊರಿನ ಪ್ರತಿ ಮಾಲಿಗೂ ಪಂಚೆ ಉಟ್ಟ ಒಬ್ಬ ರೈತರನ್ನು ಕಳಿಸಿ. ಒಂದೇ ವಾರದಲ್ಲಿ ಎಲ್ಲ ಬಾಕಿ ವಸೂಲಾಗುತ್ತದೆ.

ಪಕ್ಕದ ತಮಿಳುನಾಡಿನಲ್ಲಿ ಇದಕ್ಕೆ ಕಾನೂನೇ ಇದೆ. 2014ರಲ್ಲಿ ಚೆನ್ನೈನ ಕ್ರಿಕೆಟ್ ಕ್ಲಬ್ಬಿನವರು ಪಂಚೆ ಉಟ್ಟು ಬಂದವರೊಬ್ಬರನ್ನು ಒಳಗೆ ಬಿಡಲಿಲ್ಲ. ಅವರು ಹೈಕೋರ್ಟ್ ನ್ಯಾಯಮೂರ್ತಿ ಆಗಿದ್ದರು. ಜಯಲಲಿತಾ ಅದೇ ವರ್ಷ ಕಾಯ್ದೆ ತಂದರು. ಪಂಚೆಯವರನ್ನು ತಡೆದರೆ ಒಂದು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿವರೆಗೆ ದಂಡ. ತಡೆದದ್ದು ನ್ಯಾಯಮೂರ್ತಿಯನ್ನು, ಅದಕ್ಕೆ ಕಾಯ್ದೆ. ನಮ್ಮಲ್ಲಿ ರೈತರನ್ನು, ಅದಕ್ಕೆ ಶಾಲು.

ಪಂಚೆಯಿಂದ ತೊಂದರೆಯೇ ಇಲ್ಲ ಅಂತಲೂ ಹೇಳಲಾರೆ. 2021ರ ಸೆಪ್ಟೆಂಬರಿನಲ್ಲಿ ಸಿದ್ದರಾಮಯ್ಯನವರು ಸದನದಲ್ಲಿ ಮಾತಾಡುತ್ತಿದ್ದಾಗ ಪಂಚೆ ಜಾರಿತು. ಡಿ.ಕೆ. ಶಿವಕುಮಾರ್ ಬಂದು ಕಿವಿಯಲ್ಲಿ ಹೇಳಿದರು. ಕೊರೊನಾ ಬಂದು ಹೋದ ಮೇಲೆ ನಾಲ್ಕೈದು ಕೆಜಿ ಜಾಸ್ತಿಯಾಗಿದೆ, ಅದಕ್ಕೆ ಜಾರುತ್ತೆ ಅಂತ ಅವರೇ ಸದನಕ್ಕೆ ಹೇಳಿಕೊಂಡು, ಕಟ್ಟಿಕೊಂಡು, ಮಾತು ಮುಂದುವರಿಸಿದರು. ಪ್ಯಾಂಟ್ ಹಾಕಿಕೊಂಡು ಬನ್ನಿ ಅಂತ ಯಾವ ಮಾರ್ಷಲ್ಲೂ ಹೇಳಲಿಲ್ಲ. ಜಾರಿದ ಪಂಚೆಗೆ ಸದನದಲ್ಲಿ ಜಾಗವಿದೆ, ಗಟ್ಟಿ ಕಟ್ಟಿದ ಪಂಚೆಗೆ ಮಾಲಿನಲ್ಲಿಲ್ಲ.

ಮಾಲಿನ ಗಲಾಟೆಗೆ ಐದು ತಿಂಗಳು ಮುಂಚೆ ಮೆಟ್ರೊದಲ್ಲಿ ಇನ್ನೊಬ್ಬರು. ರಾಜಾಜಿನಗರ ಸ್ಟೇಷನ್. ತಲೆಯ ಮೇಲೆ ಬಟ್ಟೆ ಗಂಟು, ಕೈಯಲ್ಲಿ ಟಿಕೆಟ್. ಬಟ್ಟೆ ಕೊಳೆಯಾಗಿದೆ ಅಂತ ನಿಲ್ಲಿಸಿದರು. ಕೊಳೆ ಆಗಿರುತ್ತದೆ. ಕೆಲಸ ಮಾಡಿದರೆ ಬಟ್ಟೆ ಕೊಳೆಯಾಗುತ್ತದೆ, ಇದನ್ನೂ ಬಿಡಿಸಿ ಹೇಳಬೇಕಾ? ಗಂಟಿನಲ್ಲಿ ಬಾಂಬ್ ಇದೆಯಾ ನೋಡಿ, ಚಾಕು ಇದೆಯಾ ನೋಡಿ. ಅಂಗಿಯ ಕಾಲರ್ ನೋಡುವ ಕೆಲಸವನ್ನು ನಿಮಗೆ ಯಾರು ಕೊಟ್ಟರು? ಅವತ್ತು ಪಕ್ಕದಲ್ಲಿದ್ದ ಪ್ರಯಾಣಿಕರು ಜಗಳ ಆಡಿದರು, ಅದಕ್ಕೆ ಆತ ಒಳಗೆ ಹೋದ. ಜಗಳ ಆಡುವವರು, ವಿಡಿಯೊ ಮಾಡುವವರು ಯಾರೂ ಇರದ ದಿನ ಎಷ್ಟು ಜನ ಸುಮ್ನೆ ತಿರುಗಿ ಹೋಗಿದ್ದಾರೋ. ನನಗೆ ಇದನ್ನು ತಮಾಷೆ ಮಾಡಿ ಮಾಡಿ ಸುಸ್ತಾಗಿದೆ. ಪ್ರತಿ ಸಲವೂ ಕೊನೆಗೆ ಒಬ್ಬ ಸೆಕ್ಯೂರಿಟಿಯವನ ಕೆಲಸ ಹೋಗುತ್ತದೆ. ಎಂಥವರನ್ನು ಬಿಡಬಾರದು ಅಂತ ಅವನಿಗೆ ಕಲಿಸಿಕೊಟ್ಟವರ ಫೋಟೊ ಒಂದು ಸಲವೂ ಪೇಪರಿನಲ್ಲಿ ಬರುವುದಿಲ್ಲ.

ಕಳೆದ ತಿಂಗಳು ಒಂದು ಮದುವೆಗೆ ಹೋಗಿದ್ದೆ. ಆಟಮ್‌ನವರಿಗೆ ಆಗದ ಬಿಳಿಯೇ ಉಟ್ಟಿದ್ದೆ, ಗಂಜಿ ಹಾಕಿದ ದೊಡ್ಡ ಅಂಚಿನ ಪಂಚೆ. ವಾಪಸು ಬರುವಾಗ ಉಡುಗೊರೆ ಬದಲಾಯಿಸಲು ಒಂದು ಮಾಲಿಗೆ ಹೋದೆ. ಎದೆ ಸ್ವಲ್ಪ ಹೊಡೆದುಕೊಳ್ಳುತ್ತಿತ್ತು. ಬಾಗಿಲಲ್ಲಿದ್ದವನು ನನ್ನ ಅಂಚು ನೋಡಿದ, ಹೊಟ್ಟೆ ನೋಡಿದ, ಪಟ್ಟನೆ ಸಲ್ಯೂಟ್ ಹೊಡೆದ.

"ಯಾವ ಪಾರ್ಟಿ ಸಾರ್?" ಅಂದ.

"ಮದುವೆ ಪಾರ್ಟಿ" ಅಂದೆ.

ನಕ್ಕ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ರಾಯಚೂರು ಕಡೆಯ ಮಾತು. ಭುಜದ ಹೊಲಿಗೆ ಅರ್ಧ ತೋಳಿಗೆ ಇಳಿದಿತ್ತು. ಕಾಲರಿನೊಳಗೆ ಇನ್ನೊಂದು ಕುತ್ತಿಗೆ ಹಿಡಿಸುತ್ತಿತ್ತು. ಯೂನಿಫಾರ್ಮಿಗೆ ಅಳತೆ ತೆಗೆದರಾ ಅಂತ ಕೇಳಿದೆ. "ಇಲ್ರೀ ಸರ, ಹಿಂದಿನಂವಂದು" ಅಂದ. ಪ್ಯಾಂಟಿನ ಕಾಲು ಉದ್ದ ಜಾಸ್ತಿ ಅಂತ ಒಳಕ್ಕೆ ಮಡಿಸಿದ್ದ. ಹೊಲಿಸಿರಲಿಲ್ಲ, ಸ್ಟೇಪ್ಲರ್ ಪಿನ್ನು ಹೊಡೆದಿದ್ದ. ಎರಡೂ ಕಾಲಿಗೆ, ಸುತ್ತಲೂ.