ಕೆನ್ನೆಗೆ ದೀಪಾಲಂಕಾರ

ನೆನ್ನೆ ಬೆಳಿಗ್ಗೆ ಕುಯ್ದುಕೊಂಡಿದ್ದು ಇನ್ನೂ ಚುರುಚುರು ಅನ್ನುತ್ತಿದೆ. ಎಡಗೆನ್ನೆ, ಕಿವಿಯಿಂದ ಸ್ವಲ್ಪ ಕೆಳಗೆ, ಒಂದು ಅಕ್ಕಿಕಾಳಿನಷ್ಟು ಉದ್ದ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಮುಟ್ಟಿ ನೋಡಿಕೊಂಡೆ.

ಕಾರಣ ನನ್ನ ಭಾವಮೈದ. ಬೆಂಗಳೂರಲ್ಲಿದ್ದಾನೆ. ಒಳ್ಳೇ ಹುಡುಗ. ಆದರೆ ಒಂದು ಸಾಮಾನು ಒಂದೇ ಕೆಲಸ ಮಾಡಿದರೆ ಅವನಿಗೆ ತಡೆಯೋಕೆ ಆಗಲ್ಲ. ಫ್ಯಾನ್ ಇರುವ ಟೋಪಿ ತಂದ. ಗಡಿಯಾರ ಇರುವ ನೀರಿನ ಬಾಟಲ್ ತಂದ. ನಮ್ಮಮ್ಮನಿಗೆ ಟಾರ್ಚ್ ಇರುವ ಊರುಗೋಲು ಕೊಟ್ಟ. ಆ ಟಾರ್ಚು ನೆಲಕ್ಕೆ ಬೀಳಲ್ಲ, ಎದುರಿಗೆ ಬರೋರ ಕಣ್ಣಿಗೆ ಹೊಡೆಯುತ್ತೆ. ಸಂಜೆ ಅಮ್ಮ ದೇವಸ್ಥಾನಕ್ಕೆ ಹೊರಟರೆ ಸ್ಕೂಟರಿನವರು 'ಡಿಮ್ ಮಾಡೀ' ಅಂತ ಕೂಗಿಕೊಂಡು ಹೋಗುತ್ತಾರೆ.

ಈ ಸಲ ರೇಜರ್. ಹಿಡಿಯಲ್ಲಿರುವ ಗುಂಡಿ ಒತ್ತಿದರೆ ಬ್ಲೇಡಿನ ಸುತ್ತ ಕೆಂಪು ಎಲ್‌ಇಡಿ ಹತ್ತಿಕೊಳ್ಳುತ್ತೆ. 'ಗಡ್ಡವೂ ಹೋಗುತ್ತೆ, ಚರ್ಮವೂ ಹೊಳೆಯುತ್ತೆ ಭಾವ. ಟೂ ಇನ್ ಒನ್. ಲೈಟ್ ಥೆರಪಿಗೆ ನೊಬೆಲ್ ಪ್ರೈಜ್ ಬಂದಿದೆ, ಗೊತ್ತಾ?' ಅಂದ.

ಬಂದಿರುವುದು ನಿಜ. ರಾತ್ರಿ ಕೂತು ಹುಡುಕಿದೆ. 1903ರಲ್ಲಿ, ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಅನ್ನುವ ವೈದ್ಯರಿಗೆ. ಅವರು ದೊಡ್ಡ ಆರ್ಕ್ ದೀಪದ ಬೆಳಕು ಬಿಟ್ಟು ಚರ್ಮದ ಕ್ಷಯ ಗುಣಮಾಡಿದ್ದರು. ಪಾಪ, ಗಡ್ಡದ ಸುದ್ದಿಗೇ ಹೋಗಿರಲಿಲ್ಲ.

ಕೆಂಪು ಬೆಳಕನ್ನೂ ಪೂರ್ತಿ ತೆಗೆದುಹಾಕುವಂತಿಲ್ಲ. 630ರಿಂದ 660 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರದ ಬೆಳಕನ್ನು ಚರ್ಮಕ್ಕೆ ಬಳಸುತ್ತಾರೆ. ಮೊಡವೆಗಾದರೆ ನೀಲಿ. ಆದರೆ ಅದಕ್ಕೆ ದೀಪದ ಮುಖವಾಡ ಹಾಕಿಕೊಂಡು ಹತ್ತು ನಿಮಿಷ ಸುಮ್ನೆ ಕೂರಬೇಕು, ವಾರಕ್ಕೆ ಮೂರು ನಾಲ್ಕು ಸಲ, ಅದೂ ಎಷ್ಟೋ ವಾರ. ರೇಜರ್ ಕೆನ್ನೆಯ ಒಂದು ಜಾಗದಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ? ಮದುವೆಮನೇಲಿ ತುಪ್ಪ ಬಡಿಸುವವನು ನಮ್ಮ ಎಲೆ ಮುಂದೆ ನಿಂತಷ್ಟು ಹೊತ್ತು. ಮಧ್ಯೆ ನೊರೆ ಬೇರೆ. ಬಿಳೀ ನೊರೆ ಬೆಳಕನ್ನು ಒಳಗೆ ಬಿಡುವುದಕ್ಕಿಂತ ಸುತ್ತ ಚೆಲ್ಲುವುದೇ ಜಾಸ್ತಿ. ಹತ್ತಿರ ಹತ್ತಿರ ಲಕ್ಷ ಬಲ್ಬಿರುವ ನಮ್ಮ ಮೈಸೂರು ಅರಮನೆಗೇ ಭಾನುವಾರ, ಹಬ್ಬ ಹರಿದಿನ ಬಿಟ್ಟರೆ ಹೆಚ್ಚು ಹೊತ್ತು ದೀಪ ಹಾಕಲ್ಲ. ನನ್ನ ಮುಖಕ್ಕೆ ದಿನಾ ಬೇಕಾ?

ಆದರೂ ಕೊಟ್ಟಿದ್ದಾನಲ್ಲ ಅಂತ ನೆನ್ನೆ ಬೆಳಿಗ್ಗೆ ಆರಕ್ಕೆ ನೊರೆ ಬಳಿದುಕೊಂಡೆ. ಸರಿಯಾಗಿ ಅದೇ ಹೊತ್ತಿಗೆ ಕರೆಂಟ್ ಹೋಯಿತು. ಕುವೆಂಪುನಗರದ ನಮ್ಮ ಬಚ್ಚಲುಮನೆ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆದುಕೊಳ್ಳುತ್ತೆ, ಹಾಗಾಗಿ ಒಳಗೆ ಗವ್ ಅನ್ನುವ ಕತ್ತಲೆ. ರೇಜರ್ ಗುಂಡಿ ಒತ್ತಿದೆ. ಆಹಾ! ಜೀವನದಲ್ಲಿ ಮೊದಲ ಸಲ ಭಾವಮೈದನ ಮೇಲೆ ಅಭಿಮಾನ ಬಂತು. ಕನ್ನಡಿಯಲ್ಲಿ ಕೆಂಪು ಮುಖ, ಮೀಸೆ, ದೊಡ್ಡ ಕಣ್ಣು. ಬೆಟ್ಟದ ಮೇಲಿನ ಮಹಿಷಾಸುರ ಕೈಯಲ್ಲಿರುವ ಹಾವು ಬಿಟ್ಟು ರೇಜರ್ ಹಿಡಿದ ಹಾಗಿತ್ತು.

ಎಡಗೆನ್ನೆಗೆ ಬಂದಾಗ ಚುರ್ ಅಂದಿತು. ಥೆರಪಿ ಕೆಲಸ ಮಾಡ್ತಿದೆ ಅಂದುಕೊಂಡೆ.

ಕತ್ತಿನ ಮೇಲೆ ಏನೋ ಬೆಚ್ಚಗೆ ಇಳಿಯಿತು. ನೀರು ಅಂದುಕೊಂಡೆ. ಕನ್ನಡಿಯಲ್ಲಿ ನೋಡಿದರೆ ಏನೂ ಇಲ್ಲ. ಎಲ್ಲಿಂದ ಕಾಣಬೇಕು? ಕೆಂಪು ದೀಪದಲ್ಲಿ ಬಿಳಿಯೂ ಕೆಂಪು, ಕೆಂಪೂ ಕೆಂಪು. ನೊರೆ ಯಾವುದು, ರಕ್ತ ಯಾವುದು ಆ ದೇವರಿಗೇ ಗೊತ್ತು. ಕತ್ತಲಲ್ಲೇ ಮುಖ ತೊಳೆದು, ಬಿಳೀ ಬನೀನು ಹಾಕಿಕೊಂಡು, ಚೀಲ ಹಿಡಿದು ಹಾಲಿನ ಬೂತಿಗೆ ಹೊರಟೆ.

ಬೂತಿನವನು ನನ್ನ ನೋಡಿ ಹಾಲು ಕೊಡುವ ಬದಲು ಸ್ಟೂಲ್ ತಂದಿಟ್ಟ. 'ಕೂತ್ಕೊಳಿ ಸಾರ್.' ಇಷ್ಟು ವರ್ಷದಲ್ಲಿ ಇಂಥ ಮರ್ಯಾದೆ ಸಿಕ್ಕಿರಲಿಲ್ಲ. ಕೂತೆ. ಮುಖದ ಗ್ಲೋ ಇರಬೇಕು ಅಂತ ಒಂದು ಕ್ಷಣ ಅನ್ನಿಸಿದ್ದೂ ಹೌದು. ವಾಕಿಂಗಿಗೆ ಬಂದಿದ್ದ ಹಿರಿಯರೊಬ್ಬರು ಹತ್ತಿರ ಬಂದು, 'ಗಾಡಿ ನಂಬರ್ ನೋಡ್ಕೊಂಡ್ರಾ?' ಅಂದರು. ಯಾವ ಗಾಡಿ? ಹೂವಿನಮ್ಮ ದನಿ ತಗ್ಗಿಸಿ, 'ಮನೇಲಿ ಜಗಳ ಏನಾದ್ರೂ...' ಅಂತ ಅರ್ಧಕ್ಕೇ ಬಿಟ್ಟಳು. ಇವರಿಗೆಲ್ಲ ಬೆಳಿಗ್ಗೆ ಬೆಳಿಗ್ಗೆ ಏನಾಗಿದೆ ಅಂದುಕೊಂಡು, 'ಎರಡು ಹಾಲು, ಒಂದು ಮೊಸರು' ಅಂದೆ.

'ತಲೆಗೇ ಏಟು ಬಿದ್ದಿರಬೇಕು. ಮೊಸರು ಕೇಳ್ತಾವ್ರೆ' ಅಂತ ಹಿಂದಿನಿಂದ ಯಾರೋ ಅಂದರು.

ಕೊನೆಗೆ ಬೂತಿನವನೇ ಪಕ್ಕದ ಸ್ಕೂಟರಿನ ಕನ್ನಡಿ ನನ್ನ ಕಡೆ ತಿರುಗಿಸಿದ. ಕಿವಿಯಿಂದ ಎದೆಯವರೆಗೆ ಬನೀನು ರಣರಂಗ. ಗಾಬರಿಯಲ್ಲಿ ಬಾಯಿಗೆ ಬಂದಿದ್ದು, 'ಏನಿಲ್ಲಪ್ಪ, ಲೈಟಿಂದ ಆಗಿದ್ದು.'

'ಲೈಟಾ? ಕರೆಂಟೇ ಇಲ್ವಲ್ಲ ಸಾರ್!'

ಇದಕ್ಕೆ ಏನು ಹೇಳಲಿ? ಹಾಲು ತೆಗೆದುಕೊಂಡು ಎದ್ದೆ. ಮೊಸರು ಅಲ್ಲೇ ಉಳಿಯಿತು.

ಮನೆಗೆ ಬಂದರೆ ಅಮ್ಮ ಒಂದು ಮಾತೂ ಕೇಳಲಿಲ್ಲ. ಬೀರುವಿನ ಮೂಲೆಯಿಂದ ಪಟಿಕದ ತುಂಡು ತಂದು, ನೀರಲ್ಲಿ ಅದ್ದಿ ಗಾಯಕ್ಕೆ ಒತ್ತಿದರು. ಅಪ್ಪ ಬಳಸುತ್ತಿದ್ದದ್ದು. ಒಂದು ಮಗ್ಗುಲು ಹೆಬ್ಬೆರಳು ಕೂರುವಷ್ಟು ಸವೆದು ಗುಂಡಿಯಾಗಿತ್ತು. ನನ್ನ ಹೆಬ್ಬೆರಳಿಗೆ ಅದು ಸ್ವಲ್ಪ ದೊಡ್ಡದು.

ಅಗ್ರಹಾರದ ಹಳೇ ಮನೆಯಲ್ಲಿ ಅಪ್ಪ ಪೂರ್ವದ ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದರು. ಬ್ಲೇಡು ಮೊಂಡಾದರೆ ಗಾಜಿನ ಲೋಟದ ಒಳಮೈಗೆ ಒತ್ತಿ, ತೋರುಬೆರಳಲ್ಲಿ ಆಚೆ ಈಚೆ ಉಜ್ಜುವರು. ಕಿಣಿ ಕಿಣಿ ಸದ್ದು ಬಂದರೆ ನಮಗೆ ಏಳುವ ಹೊತ್ತಾಯಿತು ಅಂತ ಲೆಕ್ಕ. ಒಂದು ಕೆನ್ನೆ ಮುಗಿಸಿ, ಇನ್ನೊಂದನ್ನು ಬಿಸಿಲಿಗೆ ತಿರುಗಿಸಿ, ಬಾಯಿ ಓರೆ ಮಾಡಿಕೊಂಡೇ ನಮ್ಮ ಮಗ್ಗಿ ತಿದ್ದುತ್ತಿದ್ದರು. ಅವರು ಹೋಗಿ ಹನ್ನೆರಡು ವರ್ಷ. ಪಟಿಕ ಇನ್ನೂ ಅರ್ಧ ಇದೆ.

ಸಂಜೆ ಭಾವಮೈದನ ಫೋನು. 'ಗ್ಲೋ ಬಂತಾ ಭಾವ?' 'ಬಂತಪ್ಪ, ಬೂತಿನವರೆಲ್ಲ ಎದ್ದು ನಿಂತು ನೋಡಿದರು' ಅಂದೆ. ಖುಷಿಯಾಯಿತು ಅವನಿಗೆ. ಮಸಾಜ್ ಮಾಡುವ ಟ್ರಿಮ್ಮರ್ ನೋಡಿಟ್ಟಿದ್ದಾನಂತೆ.

ಸಿಟ್ಟು ತಡೆಯದೆ ಹೆಂಡತಿಗೆ ಇನ್ನೊಂದು ವಿಷಯ ಹೇಳಿದೆ. 1967ರಲ್ಲಿ ಬುಡಾಪೆಸ್ಟಿನ ಡಾಕ್ಟರ್ ಎಂಡ್ರೆ ಮೆಸ್ಟರ್, ಲೇಸರಿನಿಂದ ಕ್ಯಾನ್ಸರ್ ಬರುತ್ತಾ ಅಂತ ನೋಡಲು ಇಲಿಗಳ ಬೆನ್ನು ಬೋಳಿಸಿ ಕೆಂಪು ಬೆಳಕು ಬಿಟ್ಟರಂತೆ. ಕ್ಯಾನ್ಸರ್ ಬರಲಿಲ್ಲ. ಬೆಳಕು ಬಿದ್ದ ಇಲಿಗಳಿಗೆ ಕೂದಲು ಬೇಗ ಬಂತು! 'ಅಂದರೆ ನಿನ್ನ ತಮ್ಮನ ರೇಜರು ಒಂದು ಕಡೆ ಕೊಯ್ಲು ಮಾಡ್ತಾ ಇನ್ನೊಂದು ಕಡೆ ಗೊಬ್ಬರ ಹಾಕುತ್ತೆ' ಅಂದೆ.

ಅವಳು ನನ್ನ ಮುಖ ನೋಡಲಿಲ್ಲ. ಹಣೆಗಿಂತ ಸ್ವಲ್ಪ ಮೇಲೆ ನೋಡಿದಳು. 'ಹಂಗಾದ್ರೆ ಅದನ್ನ ಅಲ್ಲಿಗೆ ಹಿಡೀರಿ' ಅಂದು ಒಳಗೆ ಹೋದಳು.

ನಾನು ಕೇಳಿಸದವನ ಹಾಗಿದ್ದೆ. ರಾತ್ರಿ ಹನ್ನೊಂದಕ್ಕೆ ಎಲ್ಲರೂ ಮಲಗಿದ ಮೇಲೆ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ದೊಡ್ಡ ಲೈಟ್ ಹಾಕಿದರೆ ಅಮ್ಮ ಎದ್ದುಬಿಡುತ್ತಾರೆ. ರೇಜರಿನ ಗುಂಡಿ ಒತ್ತಿದೆ. ಮಹಿಷಾಸುರ ಮತ್ತೆ ಬಂದ. ನಿಧಾನಕ್ಕೆ ನೆತ್ತಿಯ ಹತ್ತಿರ ಒಯ್ದೆ.

ಬ್ಲೇಡು ಕಳಚಿದ್ದೆನಾ? ಇಳಿಸಿ ನೋಡಿದೆ. ಆ ಬೆಳಕಲ್ಲಿ ಒಂದೂ ಕಾಣಲಿಲ್ಲ.