ತಡೆಗೋಡೆ ಕೋರಿ ಮನವಿ: ಬರೆಯುವ ವಿಧಾನ ಮತ್ತು ವಾಪಸ್ ಪಡೆಯುವ ವಿಧಾನ

ಮಂಡ್ಯ ಜಿಲ್ಲೆಯಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ಮೇಲಿನ ದಾರಿಗೆ ಒಂದು ವಿಶೇಷ ಗುಣವಿದೆ. ಕಬ್ಬಿನ ಟ್ರ್ಯಾಕ್ಟರು, ಹಾಲಿನ ವ್ಯಾನು, ಶಾಲೆ ಮಕ್ಕಳ ಆಟೊ ಓಡಾಡುವಾಗ ಅದು ರಸ್ತೆ. ತಡೆಗೋಡೆ ಕೇಳಿದ ತಕ್ಷಣ ಅದು ರಸ್ತೆಯಲ್ಲ, ನಾಲೆ ತಪಾಸಣೆಯ ಜೀಪು ಹೋಗಲೆಂದು ಬಿಟ್ಟ ಜಾಗ. ನಾಲೆ ನೀರಾವರಿಯವರದು, ಏರಿಯೂ ಅವರದೇ. ಏರಿಯ ಮೇಲೆ ಸುರಿದ ಡಾಂಬರು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. ಅದು ಹೋಗಿ ಸೇರುವ ದೊಡ್ಡ ರಸ್ತೆ ಲೋಕೋಪಯೋಗಿಯದು. ಗಾಡಿ ನೀರಿಗೆ ಬಿದ್ದರೆ ಮಾತ್ರ ತಪ್ಪು ಪೂರ್ತಿ ಡ್ರೈವರನದು.

2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅದಾದ ಮೇಲೆ ನಾಲೆ ಪಕ್ಕದ ಯಾವ ಗ್ರಾಮ ಪಂಚಾಯಿತಿಯೂ ತಡೆಗೋಡೆ ಯಾಕೆ ಬೇಕು ಎಂದು ಯಾರಿಗೂ ಬಿಡಿಸಿ ಹೇಳುವ ಪ್ರಮೇಯ ಬರಬಾರದಿತ್ತು. ಬರುತ್ತದೆ. ಹೇಳುವುದಕ್ಕೆ ಒಂದು ಕ್ರಮವೂ ಇದೆ.

ಮೊದಲು ಸಾಮಾನ್ಯ ಸಭೆಯಲ್ಲಿ ನಿರ್ಣಯ ಆಗಬೇಕು. ಸೂಚಕರು ಒಬ್ಬರು, ಅನುಮೋದಕರು ಒಬ್ಬರು, ನಡಾವಳಿ ಪುಸ್ತಕದಲ್ಲಿ ವಿಷಯ ಸಂಖ್ಯೆ, ಎಲ್ಲರ ರುಜು. ಇಲ್ಲೇ ಮೊದಲ ಎಡವಟ್ಟು. ಹೇಗೂ ಒಂದು ಕಾಗದ ಹೋಗುತ್ತದಲ್ಲ ಎಂದು ಸದಸ್ಯರು ತಮ್ಮ ತಮ್ಮ ವಾರ್ಡಿನ ಪಾಲನ್ನೂ ಸೇರಿಸುತ್ತಾರೆ. ಕೊನೆಗೆ ವಿಷಯ ಹೀಗೆ ನಿಲ್ಲುತ್ತದೆ: ‘ಸ್ಮಶಾನಕ್ಕೆ ದಾರಿ, ಶಾಲೆಗೆ ಕಾಂಪೌಂಡ್, ಬೀದಿದೀಪ, ನಾಲೆ ಏರಿಗೆ ತಡೆಗೋಡೆ ಹಾಗೂ ಇತರೆ’. ಮೇಲಿನ ಕಚೇರಿಯ ಟಪಾಲು ಗುಮಾಸ್ತರು ವಿಷಯದ ಮೊದಲ ಎರಡು ಪದ ಓದಿ ಕಾಗದವನ್ನು ಸ್ಮಶಾನದ ಕಡತಕ್ಕೆ ಸೇರಿಸುತ್ತಾರೆ. ಅವರದೇನೂ ತಪ್ಪಿಲ್ಲ, ತಡೆಗೋಡೆ ಇಲ್ಲದಿದ್ದರೆ ಅದು ಕೊನೆಗೆ ಮುಟ್ಟುವುದೂ ಅಲ್ಲಿಗೇ. ಅದಕ್ಕೇ ಒಂದು ಕಾಗದಕ್ಕೆ ಒಂದೇ ವಿಷಯ.

ಎರಡನೆಯದು ಜಾಗ. ‘ಹಳೇ ಹುಣಸೆಮರದ ತಿರುವು’ ಎಂದರೆ ಊರಿನ ಕುರುಡಜ್ಜನಿಗೂ ಗೊತ್ತು, ಎಂಜಿನಿಯರಿಗೆ ಗೊತ್ತಿಲ್ಲ. ಅವರಿಗೆ ಬೇಕಾದ್ದು ಸರಪಳಿ: ನಾಲೆಯ ಎಷ್ಟನೇ ಕಿಲೋಮೀಟರಿನಿಂದ ಎಷ್ಟನೇ ಮೀಟರಿನವರೆಗೆ, ಎಡದಂಡೆಯೋ ಬಲದಂಡೆಯೋ, ಮುಖ್ಯ ನಾಲೆಯೋ ಶಾಖಾ ನಾಲೆಯೋ. ಇದು ಬರೆಯದಿದ್ದರೆ ‘ಸ್ಥಳದ ನಿಖರ ಮಾಹಿತಿ ಇಲ್ಲದ ಕಾರಣ’ ಎಂಬ ಒಂದು ಸಾಲಿನೊಡನೆ ಕಾಗದ ಹಿಂದಕ್ಕೆ. ಬರೆಯೋಣವೆಂದರೆ ಕಿಲೋಮೀಟರ್ ಕಲ್ಲು ನೆಟ್ಟಲ್ಲಿ ಇರುವುದಿಲ್ಲ. ಅದು ಸೋಪಾನದ ಬಳಿ ಬಟ್ಟೆ ಒಗೆಯುವ ಕಲ್ಲಾಗಿ ಬಡ್ತಿ ಪಡೆದಿರುತ್ತದೆ. ತೂಬಿನ ನಂಬರು ನಾಲೆ ನೀರು ಬಿಡುವ ನೀರುಗಂಟಿಗೆ ಬಾಯಿಪಾಠ ಇರುತ್ತದೆ. ಅವರನ್ನು ಕೇಳಿ, ಆ ತೂಬಿನಿಂದ ಟೇಪು ಹಿಡಿದು ಅಳೆದು ಬರೆಯುವುದು ಕ್ಷೇಮ.

ಮೂರನೆಯದೇ ಅಪಾಯದ್ದು: ಪ್ರತಿಗಳು. ಕಾಗದದ ಕೆಳಗೆ ‘ಮಾಹಿತಿಗಾಗಿ ಸಲ್ಲಿಸಲಾಗಿದೆ’ ಎಂದು ಶಾಸಕರು, ಸಂಸದರು, ಉಸ್ತುವಾರಿ ಸಚಿವರು, ಜಿಲ್ಲಾಧಿಕಾರಿ, ಜಿಲ್ಲಾ ಪಂಚಾಯಿತಿಯ ಸಿಇಒ, ತಾಲ್ಲೂಕು ಪಂಚಾಯಿತಿಯ ಇಒ, ತಹಶೀಲ್ದಾರ್ ಎಂದು ಸಾಲು ಸಾಲು ಹಾಕಿದರೆ ಕಾಗದಕ್ಕೆ ತೂಕ ಬಂತು ಎಂದು ಹಳ್ಳಿಯಲ್ಲಿ ನಂಬಿಕೆ. ಆಗುವುದು ಉಲ್ಟಾ. ಏಳು ಜನಕ್ಕೆ ಹೋದ ಕಾಗದವನ್ನು ಪ್ರತಿಯೊಬ್ಬರೂ ಉಳಿದ ಆರು ಜನ ನೋಡಿಕೊಳ್ಳುತ್ತಾರೆ ಎಂದು ಪಕ್ಕಕ್ಕಿಡುತ್ತಾರೆ. ಇನ್ನು ‘ಮಾಹಿತಿಗಾಗಿ’ ಕೊಟ್ಟಿದ್ದಕ್ಕೆ ಮಾಹಿತಿ ಪಡೆದರೆ ಸಾಕು, ಕೆಲಸ ಮಾಡಬೇಕೆಂದು ಎಲ್ಲೂ ಹೇಳಿಲ್ಲವಲ್ಲ.

ಜಿಲ್ಲಾ ಪಂಚಾಯಿತಿ ಅಧ್ಯಕ್ಷರಿಗೂ ಒಂದು ಪ್ರತಿ ಹಾಕುವ ಅಭ್ಯಾಸ ಕೆಲವು ಪಂಚಾಯಿತಿಗಳಿಗೆ ಹೋಗಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಟ್ಟಲೆ ಆ ಕುರ್ಚಿ ಖಾಲಿ. ನಾನೂರು ಜನಕ್ಕೊಬ್ಬರಂತೆ ಆಯ್ಕೆಯಾದ ಗ್ರಾಮ ಪಂಚಾಯಿತಿ ಸದಸ್ಯ ತನ್ನ ಊರಿನ ಮಾತನ್ನು ಮೇಲೆ ಮುಟ್ಟಿಸಬೇಕಾದ ಏಣಿಯಲ್ಲಿ ನಡುವಿನ ಎರಡು ಮೆಟ್ಟಿಲೇ ಇಲ್ಲ. ಅಲ್ಲಿ ಆಡಳಿತಾಧಿಕಾರಿ ಇರುತ್ತಾರೆ. ಅವರಿಗೆ ವೋಟು ಹಾಕಿದವರು ಯಾರೂ ಇಲ್ಲವಾದ್ದರಿಂದ ಬೇಸರ ಮಾಡಿಕೊಳ್ಳುವವರೂ ಇಲ್ಲ.

ದುಡ್ಡಿನ ವಿಚಾರ ಇನ್ನೂ ಸೊಗಸು. ನೀವೇ ಯಾಕೆ ಕಟ್ಟಿಸಬಾರದು ಎಂದು ಮೇಲಿನವರು ಕೇಳುತ್ತಾರೆ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆಂದು ಹೇಳಿದ 29 ವಿಷಯಗಳಲ್ಲಿ ರಸ್ತೆ, ಮೋರಿ, ಸೇತುವೆ, ಜಲಮಾರ್ಗ ಎಲ್ಲ ಇವೆ, ದೋಣಿ ದಾಟಿಸುವುದೂ ಇದೆ. ಆದರೆ 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ ದುಡ್ಡಾಗಿತ್ತು. ಉಳಿದ 40ರಲ್ಲಿ ಗೋಡೆ ಕಟ್ಟೋಣವೆಂದರೆ ಜಾಗ ಪಂಚಾಯಿತಿಯದಲ್ಲ. ಬೇರೆ ಇಲಾಖೆಯ ಆಸ್ತಿಯ ಮೇಲೆ ಖರ್ಚು ಹಾಕಿದರೆ ಆಡಿಟ್‌ನವರು ಆಕ್ಷೇಪಣೆ ಬರೆಯುತ್ತಾರೆ, ವಸೂಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಂಬಳದಿಂದ. ನಾಲೆಯಲ್ಲಿರುವುದೂ ನೀರೇ, ಬಿದ್ದವರು ಕುಡಿಯುವುದೂ ಅದನ್ನೇ. ಆದ್ದರಿಂದ ತಡೆಗೋಡೆಯನ್ನು ಕುಡಿಯುವ ನೀರಿನ ಬಾಬ್ತಿಗೆ ಹಾಕಬಹುದೇ ಎಂದು ಒಬ್ಬ ಪಿಡಿಒ ‘ಮಾರ್ಗದರ್ಶನ ಕೋರಿ’ ಬರೆದರೂ ಆಶ್ಚರ್ಯವಿಲ್ಲ. ಅದಕ್ಕೂ ‘ನಿಯಮಾನುಸಾರ ಕ್ರಮ ವಹಿಸಿ’ ಎಂದೇ ಉತ್ತರ ಬರುತ್ತದೆ.

ಕಾಗದದಿಂದ ಆಗದಾಗ ನಿಯೋಗ. ಒಂದು ಶಾಲು, ಒಂದು ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಒಂದು ಟೆಂಪೊ. ಫೋಟೊದಲ್ಲಿ ಮನವಿಯ ಒಂದು ತುದಿ ಸಾಹೇಬರ ಕೈಯಲ್ಲಿ, ಇನ್ನೊಂದು ತುದಿ ಅಧ್ಯಕ್ಷೆಯ ಯಜಮಾನರ ಕೈಯಲ್ಲಿ, ಅಧ್ಯಕ್ಷೆ ಹಿಂದಿನ ಸಾಲಿನಲ್ಲಿ. ಮನವಿಯ ಅಂಚಿನಲ್ಲಿ ಸಾಹೇಬರು ಏನು ಬರೆದರು ಎಂಬುದೇ ಮುಖ್ಯ, ಅದನ್ನು ಓದಲು ಅನುಭವ ಬೇಕು. ‘ಪರಿಶೀಲಿಸಿ’ ಎಂದರೆ ಕಡತಕ್ಕೆ ಸೇರಿಸಿ. ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಿ’ ಎಂದರೆ ನನ್ನನ್ನು ಕೇಳಬೇಡಿ. ‘ಚರ್ಚಿಸಿ’ ಎಂದಿದ್ದರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು, ಒಬ್ಬರು ಇನ್ನೊಬ್ಬರ ಕೋಣೆಗಾದರೂ ಹೋಗಬೇಕಾಗುತ್ತದೆ. ‘ಅಂದಾಜು ಪಟ್ಟಿ ತಯಾರಿಸಿ ಸಲ್ಲಿಸಿ’ ಎಂದಿದ್ದರೆ ಆ ಕಾಗದವನ್ನು ಜೆರಾಕ್ಸ್ ಮಾಡಿಸಿ ಬೀರುವಿನಲ್ಲಿಡಿ. ಇಷ್ಟೆಲ್ಲದರಲ್ಲಿ ಎಂಜಿನಿಯರಿಗೆ ಕೆಲಸ ಹೇಳಿದ ವಾಕ್ಯ ಇದೊಂದೇ.

ಅಂದಾಜು ಪಟ್ಟಿ ಆದರೆ ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಅನುಮೋದನೆ, ಲೆಕ್ಕಶೀರ್ಷಿಕೆ, ಟೆಂಡರು. ಅಷ್ಟರಲ್ಲಿ ಹೊಸ ದರಪಟ್ಟಿ ಬಂದಿರುತ್ತದೆ. ಹಳೇ ದರದ ಅಂದಾಜು ‘ಪರಿಷ್ಕರಿಸಿ ಮರುಸಲ್ಲಿಸಲು’ ಇಳಿದು ಬರುತ್ತದೆ. ಕಡತ ಯಾರ ಮೇಜಿನ ಮೇಲಿದೆ ಎಂದು ತಿಳಿಯಲು ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ 30 ದಿನ ಕಾಯಬಹುದು. ಕೇಳುವಾಗ ‘ಕಾರಣ ತಿಳಿಸಿ’ ಎನ್ನಬಾರದು, ಕಾರಣವು ದಾಖಲೆಯಲ್ಲ ಎನ್ನುತ್ತಾರೆ. ‘ಟಿಪ್ಪಣಿ ಹಾಳೆಯ ದೃಢೀಕೃತ ನಕಲು’ ಎಂದೇ ಬರೆಯಬೇಕು. ಯಾರು ಯಾವ ತಾರೀಕಿನಲ್ಲಿ ಯಾರ ಕಡೆ ತಳ್ಳಿದರು ಎಂಬುದು ಅದರಲ್ಲಿರುತ್ತದೆ.

ಇಷ್ಟಾದ ಮೇಲೆ ಒಂದು ದಿನ ಪಂಚಾಯಿತಿಗೆ ಪತ್ರ ಬರುತ್ತದೆ. ಮೇಲಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಪಿಡಿಒಗೆ ‘ಲಗತ್ತಿಸಿದ ಮನವಿಯನ್ನು ಪರಿಶೀಲಿಸಿ, ನಿಯಮಾನುಸಾರ ಕ್ರಮ ಕೈಗೊಂಡು, ಅರ್ಜಿದಾರರಿಗೆ ಹಿಂಬರಹ ನೀಡಿ, ಈ ಕಚೇರಿಗೆ ವರದಿ ಮಾಡುವುದು’.

“ಏನ್ ಮೇಡಂ, ನಾವ್ ಬರ್ದಿದ್ದು ನಮಗೇ ಬಂದದಲ್ಲ?”

“ಹೂಂ ಅಧ್ಯಕ್ಷ್ರೇ, ಕ್ರಮ ಕೈಗೊಳ್ಬೇಕಂತೆ.”

“ಯಾರು?”

“ನಾವೇ. ತಗೊಂಡ್ವಿ ಅಂತ ಅರ್ಜಿದಾರರಿಗೆ ಬರೆದು ತಿಳಿಸ್ಬೇಕಂತೆ.”

“ಅರ್ಜಿದಾರ್ರು ಯಾರು?”

“ನೀವೇ.”

ಪಿಡಿಒ ಹಿಂಬರಹ ಬರೆದು ಪಕ್ಕದ ಕೋಣೆಗೆ ಕಳಿಸುತ್ತಾರೆ, ಅಧ್ಯಕ್ಷರು ಸ್ವೀಕೃತಿಗೆ ಸಹಿ ಹಾಕುತ್ತಾರೆ. ಮೇಲೆ ಕಡತ ‘ವಿಲೇವಾರಿ’ ಪಟ್ಟಿಗೆ ಸೇರುತ್ತದೆ.

ಈ ನಡುವೆ ಊರಿನವರು ಹುಣಸೆಮರದ ತಿರುವಿನಲ್ಲಿ ನಾಲ್ಕು ಬಿದಿರಿನ ಗಳ ನೆಟ್ಟು, ಅಡ್ಡಕ್ಕೆ ಹಗ್ಗ ಬಿಗಿದು, ಕೆಂಪು ಸೀರೆಯ ತುಂಡು ಕಟ್ಟಿರುತ್ತಾರೆ. ಅದಕ್ಕೆ ಮಾತ್ರ ಮೂರೇ ದಿನದಲ್ಲಿ ಪತ್ರ ಬರುತ್ತದೆ, ಸರಪಳಿ ಸಂಖ್ಯೆ ಸಮೇತ: ನಾಲೆ ಏರಿಯ ಮೇಲೆ ಅನಧಿಕೃತವಾಗಿ ನೆಟ್ಟಿರುವ ಗಳಗಳನ್ನು 7 ದಿನದೊಳಗೆ ತೆರವುಗೊಳಿಸಿ ವರದಿ ಸಲ್ಲಿಸುವುದು.