ವಾಸನೆಯ ಬೇರು ಜಿಡ್ಡಿನಲ್ಲಿದೆ

ಲ್ಯಾವೆಂಡರ್ ಎಣ್ಣೆಯ ಶಾಂಪೂ ಹಾಕಿದರೆ ನಾಯಿಯ ವಾಸನೆ ಹೋಗುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಪರಿಮಳ ಕೆಟ್ಟ ವಾಸನೆಯನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ ಅಷ್ಟೇ. ಚರ್ಮದ ಜಿಡ್ಡನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾ, ಯೀಸ್ಟ್‌ಗಳಿಂದ ವಾಸನೆ ಹುಟ್ಟುತ್ತದೆ. ಅಂಟುವಾಳ, ಸೀಗೆಕಾಯಿಯಲ್ಲಿರುವ, ಸೋಪಿನಂತೆ ನೊರೆ ಬರಿಸುವ ಸಪೋನಿನ್ ಎಂಬ ಅಂಶ ಆ ಜಿಡ್ಡನ್ನೇ ಬಿಡಿಸಿ ನೀರಿನ ಜೊತೆ ಕೊಚ್ಚಿಕೊಂಡು ಹೋಗುತ್ತದೆ. ಅಲ್ಲಿಗೆ ವಾಸನೆಯ ಬೇರೇ ಹೋಯಿತು, ಅಲ್ವಾ? ನಮ್ಮ ನಾಯಿಗೆ ಅಂಟುವಾಳದ ನೀರಿನಲ್ಲೇ ಸ್ನಾನ. ಕಣ್ಣಿಗೆ ಬಿದ್ದರೆ ಮಾತ್ರ ಜಾಸ್ತಿ ಉರಿ, ಪಾಪ, ಜೋಪಾನ.

ಟೀ ಟ್ರೀ ಎಣ್ಣೆಯೂ ಇವುಗಳ ಹಾಗೆ ಗಿಡದ್ದೇ. ಆದರೆ ಅದನ್ನು ನೇರವಾಗಿ ಹಚ್ಚಿದರೆ ನಾಯಿಗೆ ವಿಷ. ನಡುಕ ಬರುತ್ತದೆ, ಕಾಲು ಸೋಲುತ್ತದೆ. ದಯವಿಟ್ಟು ಈ ಮಾತನ್ನು ಲೇಖನಕ್ಕೆ ಸೇರಿಸಿ. ಸ್ನಾನ ಆದಮೇಲೂ ಕಿವಿ ನಾರುತ್ತಿದ್ದರೆ ಸೋಂಕು ಇರಬಹುದು, ಪಶುವೈದ್ಯರಿಗೆ ತೋರಿಸಬೇಕು.